ಭಾನುವಾರದ ವೋಲ್ಟೇಜ್

ಟಿ. ದಾಸರಹಳ್ಳಿಯಲ್ಲಿ ನಾನಿರುವ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ, ನನ್ನ ರೂಮಿನ ಎದುರು ಬಾಗಿಲಲ್ಲಿ, ಈಶಪ್ಪ ಮತ್ತು ಶಿವಗಂಗವ್ವ ಎಂಬ ಗಂಡ ಹೆಂಡತಿ ಇದ್ದರು. ಈಶಪ್ಪನವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಶಿವಗಂಗವ್ವನಿಗೆ ದನಿ ಹೋಗಿತ್ತು. ಹತ್ತಡಿ ಅಗಲದ ಒಂದೇ ರೂಮಿನಲ್ಲಿ ಇಬ್ಬರೂ ಏಳು ತಿಂಗಳಿಂದ ಮಾತಿಲ್ಲದೆ ಬದುಕುತ್ತಿದ್ದರು. ಮಾತು ಬಿಟ್ಟಿದ್ದರು ಅಂತಲ್ಲ. ಆಕೆ ಆಡುತ್ತಿದ್ದರು, ಅವರಿಗೆ ಮುಟ್ಟುತ್ತಿರಲಿಲ್ಲ.

ನಾನು ಲಿಖಿತ್. ಡಿಪ್ಲೊಮಾ ಇನ್ ಎಲೆಕ್ಟ್ರಾನಿಕ್ಸ್. ಊರಲ್ಲಿ ಈ ಮಾತು ಹೇಳಿದರೆ ಈಗಲೂ ಯಾರಾದರೂ ಕೆಟ್ಟ ಮಿಕ್ಸಿ ತಂದು ಕೊಡುತ್ತಾರೆ. ನಾನು ಬಿಚ್ಚುತ್ತೇನೆ. ಜೋಡಿಸುವುದಕ್ಕೆ ಬೇರೆಯವರನ್ನು ಕರೆಯಬೇಕಾಗುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಸೆಕೆಂಡ್ ಶಿಫ್ಟಿನ ಟೆಸ್ಟಿಂಗ್ ನನ್ನದು. ಎಲ್‌ಇಡಿ ದೀಪದ ಬೋರ್ಡನ್ನು ಮಷಿನ್ನಿಗೆ ಒತ್ತಬೇಕು. ಹಸಿರು ಬಂದರೆ ಎಡಗಡೆ ಡಬ್ಬ, ಕೆಂಪು ಬಂದರೆ ಬಲಗಡೆ ಡಬ್ಬ. ಇದಕ್ಕೆ ಮೂರು ವರ್ಷ ಓದಿದ್ದೇನೆ.

ಈಶಪ್ಪನವರು ಕುಷ್ಟಗಿ ಕಡೆಯವರು. ತೊಂಬತ್ತೊಂದರಲ್ಲಿ ಪೀಣ್ಯಕ್ಕೆ ಬಂದು, ತಗಡು ಒತ್ತುವ ಪವರ್ ಪ್ರೆಸ್ಸಿನ ಮುಂದೆ ಹದಿನಾಲ್ಕು ವರ್ಷ ನಿಂತರು. ಪ್ರೆಸ್ಸು ಅವರ ಎಡಗೈ ತೋರುಬೆರಳಿನ ತುದಿಯನ್ನು ಒಂದು ದಿನದಲ್ಲಿ ತೆಗೆದುಕೊಂಡಿತು, ಕಿವಿಯನ್ನು ಹದಿನಾಲ್ಕು ವರ್ಷದಲ್ಲಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಸುತ್ತುವ ಸಣ್ಣ ಶಾಪಿಗೆ ಸೇರಿದರು. ಕೂದಲಿನಂಥ ತಾಮ್ರದ ತಂತಿಯನ್ನು ಎರಡು ಸಾವಿರ ಸುತ್ತು ಸುತ್ತುವಾಗ ನಡುವೆ ಯಾರೇ ಕರೆದರೂ ಲೆಕ್ಕ ತಪ್ಪುತ್ತದೆ. ಅವರಿಗೆ ಆ ಭಯವಿರಲಿಲ್ಲ. 'ಕಿವುಡಗ ಸಿಕ್ಕ ನೌಕರಿ ಇದು' ಎಂದು ಅವರೇ ನಗುತ್ತಿದ್ದರು. ಮಕ್ಕಳಿರಲಿಲ್ಲ.

ಶಿವಗಂಗವ್ವ ಗಾರ್ಮೆಂಟ್ಸಿನಲ್ಲಿ ದುಡಿದವರು. ಗಂಟಲಿನಲ್ಲಿ ಗಡ್ಡೆಯಾಗಿ, ರೇಡಿಯೇಷನ್ನಿನ ಕರೆಂಟು ಕೊಟ್ಟು, ಗಡ್ಡೆ ಕರಗಿತು ಎಂದು ಕಳಿಸಿದ್ದರು. ಅದು ಮತ್ತೆ ಬಂದಿತ್ತು. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆದು, ಕತ್ತಿನಲ್ಲಿ ಉಸಿರಾಟಕ್ಕೆ ತೂತು ಮಾಡುತ್ತೇವೆ ಎಂದರು ಡಾಕ್ಟರು. ಆಪರೇಷನ್ನಿಗೆ ಒಂದು ಬುಧವಾರ ನಿಗದಿಯಾಯಿತು. ಆಕೆಗೆ ಉಳಿದಿದ್ದ ಪಿಸುದನಿ ಆ ಬುಧವಾರದವರೆಗೆ ಮಾತ್ರ.

ಆಪರೇಷನ್ನಿನ ಬಗ್ಗೆ ಆಕೆಗೆ ಏನೋ ಹೇಳುವುದಿತ್ತು. ಗಂಡನ ತೋಳು ಹಿಡಿದು ಹೇಳುತ್ತಿದ್ದರು, ಅವರು ಬಲಗಿವಿಗೆ ಕೈ ಅಡ್ಡ ಕೊಟ್ಟು 'ಆಂ? ಆಂ?' ಎನ್ನುತ್ತಿದ್ದರು. ಬರೆದು ತೋರಿಸಲು ಆಕೆಗೆ ಅಕ್ಷರ ಬಾರದು. ಒಂದು ಸಲ ನಾನೇ ಜಾಣತನ ತೋರಿಸಲು ಹೋದೆ.

"ಆಂಟಿ, ನಂಗೆ ಹೇಳಿ. ನಾನು ಅಂಕಲ್ ಕಿವೀಲಿ ಕಿರುಚಿ ಹೇಳ್ಬಿಡ್ತೀನಿ."

ಆಕೆ ನನ್ನನ್ನು ನೋಡಿದ ನೋಟದಲ್ಲಿ ದನಿಯ ಅಗತ್ಯವೇ ಇರಲಿಲ್ಲ. ಆದರೂ ಹತ್ತಿರ ಕರೆದು ಪಿಸುಗುಟ್ಟಿದರು: "ಗಂಡಗ ಹೇಳೂ ಮಾತು ಓಣಿಗೆಲ್ಲ ಕೇಳಬೇಕೇನು? ಮತ್ತ, ಆಂಟಿ ಅನಬ್ಯಾಡ. ಅವ್ವಾ ಅನ್ನು."

ಕಿವಿಯ ಮಷಿನ್ನು ಮೊದಲೇ ತಂದಿದ್ದರು. ಅದರಲ್ಲಿ ಕೆಳಗಿನ ವೆಲ್ಡಿಂಗ್ ಶಾಪು, ಕುಕ್ಕರು, ಬಸ್ಸಿನ ಹಾರ್ನು ಎಲ್ಲ ಒಟ್ಟಿಗೆ ನುಗ್ಗಿ, ಹೆಂಡತಿಯ ದನಿಯೊಂದು ಬಿಟ್ಟು ಊರೆಲ್ಲ ಕೇಳುತ್ತಿತ್ತಂತೆ. ನಾನು ಫೋನಿಗೆ ಒಂದು ಆ್ಯಪ್ ಹಾಕಿ ಬ್ಲೂಟೂತ್ ಇಯರ್‌ಫೋನ್ ಕೊಟ್ಟೆ. ಎರಡು ನಿಮಿಷ ಕೇಳಿ ಕಿತ್ತು ಕೊಟ್ಟರು.

"ಏನ್ ತಮ್ಮಾ ಇದು! ಆಕಿ ಬಾಯಿ ಮುಚ್ಚಿದ ಮ್ಯಾಲೆ ಮಾತು ಬರತೈತಿ. ಯಾವ ಮಾರಿ ನೋಡಿ ಯಾವ ಮಾತು ಕೇಳಲಿ?"

ಆಗ ಅವರೇ ಹೇಳಿದ್ದು, ವಾಲ್ವ್ ಸೆಟ್ ಮಾಡೋಣ ಅಂತ. ಅವರ ಅಣ್ಣ ಭರಮಪ್ಪ ಒಂದು ಕಾಲದಲ್ಲಿ ಊರಲ್ಲಿ ಮೈಕ್ ಸೆಟ್ ಇಟ್ಟಿದ್ದರು. ವಾಲ್ವು ಎಂಬ ಗಾಜಿನ ಬುರುಡೆ ಉರಿಯುವ ಹಳೇ ಆಂಪ್ಲಿಫೈಯರನ್ನು ಮದುವೆ ಮನೆಗಳಿಗೆ ಹೊತ್ತು, ಕೆಟ್ಟಾಗ ಬಿಚ್ಚಿ, ಈಶಪ್ಪ ಕಲಿತಿದ್ದರು. ಆಕೆಯ ಬಾಯಿಗೆ ಮೈಕು, ತನ್ನ ಕಿವಿಗೆ ದೊಡ್ಡ ಹೆಡ್‌ಫೋನು, ನಡುವೆ ವಾಲ್ವು. ಬೇರೆ ಯಾವ ಸದ್ದೂ ಒಳಗೆ ಬರಬಾರದು. ಅವರ ದೃಷ್ಟಿಯಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿತ್ತು: ಟ್ರಾನ್ಸ್‌ಫಾರ್ಮರುಗಳನ್ನು ತಾವೇ ಸುತ್ತಬಹುದು. ಹೆಂಡತಿಗಾಗಿ ಕೈಯಿಂದ ಮಾಡಲು ಅವರಿಗೆ ಗೊತ್ತಿದ್ದದ್ದು ಅದೊಂದೇ.

ಗುಜರಿ ಅಂಗಡಿಯ ಹಳೇ ರೇಡಿಯೋ ಒಂದರಿಂದ ಹೆಬ್ಬೆರಳಿನ ಗಾತ್ರದ ಎರಡು ವಾಲ್ವು ಸಿಕ್ಕವು. ಸಣ್ಣದು ಮೈಕಿಗೆ, ದೊಡ್ಡದು ಹೆಡ್‌ಫೋನಿಗೆ. ಅಂಗಡಿಯವನು 'ಇನ್ನೊಂದು ಕೇಳ್ಬೇಡಿ, ಇಲ್ಲ' ಎಂದು ಮೊದಲೇ ಹೇಳಿಬಿಟ್ಟಿದ್ದ. ಈಶಪ್ಪ ರಜೆ ಹಾಕಿ, ಸ್ಟೂಲಿನ ಮೇಲೆ ಅಲ್ಯೂಮಿನಿಯಂ ತಟ್ಟೆ ಬೋರಲು ಹಾಕಿ, ಅದಕ್ಕೆ ತೂತು ಕೊರೆದು ಕೂತರು. ಬೆಳಗ್ಗೆ ನನಗೂ ಬಿಡುವು. ಹಾಗಾಗಿ ಇಂಜಿನಿಯರ್ ಹುದ್ದೆ ನನ್ನದಾಯಿತು.

"ತಮ್ಮಾ, ಮನ್ಯಾಗ ಕರೆಂಟ್ ಎಷ್ಟು ಬರತೈತಿ ನೋಡು. ಅದಕ್ಕ ತಕ್ಕಂಗ ಸುತ್ತತೀನಿ."

ನಾನು ಮಂಗಳವಾರ, ಬುಧವಾರ, ಗುರುವಾರ ಮೂರು ದಿನ ಅಳೆದೆ. ಹನ್ನೊಂದು ಗಂಟೆಗೆ, ಶಿಫ್ಟಿಗೆ ಹೋಗುವ ಮುಂಚೆ. ಇನ್ನೂರ ಆರು ವೋಲ್ಟ್. ಕೆಳಗೆ ವೆಲ್ಡಿಂಗ್ ನಡೆಯುವಾಗ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವುದು ನಮ್ಮ ಬಿಲ್ಡಿಂಗಿನಲ್ಲಿ ಮಾಮೂಲು. ಓನರ್ ಆಂಜಿನಪ್ಪನವರು ನೆಲಮಹಡಿಯನ್ನು ಶಾಪಿಗೂ ಮೇಲಿನದನ್ನು ನಮಗೂ ಬಾಡಿಗೆ ಕೊಟ್ಟಿದ್ದರು. ಮೂರು ದಿನದ ಸರಾಸರಿ ತೆಗೆದು, ದಶಾಂಶ ಸಮೇತ ಚೀಟಿಯಲ್ಲಿ ಬರೆದುಕೊಟ್ಟೆ. ದಶಾಂಶ ಹಾಕಿದರೆ ಸುಳ್ಳಿಗೂ ಒಂದು ಗೌರವ ಬರುತ್ತದೆ. ಈಶಪ್ಪ ಆ ಚೀಟಿ ನಂಬಿ, ಕಮ್ಮಿ ಕರೆಂಟಿಗೆ ಸರಿದೂಗುವಂತೆ ನೂರಾರು ಸುತ್ತು ಹೆಚ್ಚಿಗೆ ಸುತ್ತಿದರು.

ಶುಕ್ರವಾರ ಬಯಾಸ್ ಹಾಕಲು ಕೂತೆವು. ವಾಲ್ವಿನೊಳಗೆ ಕೆಂಪಗೆ ಕಾದ ಕೊಳವೆಯಿಂದ ಕರೆಂಟು ಹೊರಟು ಸುತ್ತಲಿನ ತಗಡಿಗೆ ಹರಿಯುತ್ತದೆ. ಆ ಕೊಳವೆಯೇ ಕ್ಯಾಥೋಡು. ಅದರ ಹರಿವಿಗೆ ಮಿತಿ ಇಡಬೇಕು, ಅದೇ ಬಯಾಸು. ಕಮ್ಮಿಯಾದರೆ ದನಿ ಸೊರಗುತ್ತದೆ, ಹೆಚ್ಚಾದರೆ ತಗಡು ಕಾದು ವಾಲ್ವು ಸಾಯುತ್ತದೆ. ಮಿತಿ ಇಡುವುದು ಕ್ಯಾಥೋಡಿನ ಕಾಲಿಗೆ ಬೆಸೆದ ಒಂದು ರೆಸಿಸ್ಟರು. ನಾನು ಇದನ್ನು ಫೋನಿನಲ್ಲಿ ಹಿಂದಿನ ದಿನವಷ್ಟೇ ಓದಿ, ಹುಟ್ಟಿದಾಗಿನಿಂದ ಗೊತ್ತಿದ್ದವನ ಹಾಗೆ ಅವರ ಕಿವಿಯಲ್ಲಿ ಕೂಗಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಓಡಿ ಹೋಗೂ ದನದ ಕೊರಳಿಗೆ ಕಟ್ಟಿಗಿ ತುಂಡು ಕಟ್ಟತಾರಲ್ಲ, ಅದಪ್ಪ ಇದು. ಜೋರು ಓಡಿದಷ್ಟು ಮೊಣಕಾಲಿಗೆ ಜೋರು ಬಡೀತೈತಿ. ತಾನ ನಿಧಾನ ಆಕ್ಕೈತಿ."

ನನ್ನ ಮೂರು ವರ್ಷದ ಓದು ಆ ಒಂದು ದನದಲ್ಲಿ ಮುಗಿಯಿತು.

"ಇನ್ನೂರ ಇಪ್ಪತ್ತು ಓಮ್ ಹಾಕು" ಎಂದರು. "ಮುದಿ ವಾಲ್ವು. ಭಾರದ್ದು ಕಟ್ಟು."

"ಅಂಕಲ್, ವಾಲ್ವ್ ಕಂಪನಿಯ ಡೇಟಾಶೀಟಲ್ಲಿ ನೂರ ಮೂವತ್ತು ಅಂತಿದೆ. ಪೂರ್ತಿ ಪವರ್ ಬರುತ್ತೆ. ಅವ್ವನ ದನಿ ಮೊದಲೇ ಸಣ್ಣ, ನಾವು ಜಿಪುಣತನ ಮಾಡಬಾರದು."

ಅವರು ನನ್ನ ಮುಖ ನೋಡಿದರು, ಫೋನು ನೋಡಿದರು. ಓದಿದವನು ಹೇಳುತ್ತಾನೆ ಎಂದು ಒಪ್ಪಿದರು. ನೂರ ಮೂವತ್ತು ಬೆಸೆದೆ. ಮೀಟರ್ ಮುಳ್ಳು ಏಳು ವೋಲ್ಟಿಗೆ ಬಂದು ನಿಂತಿತು. ಡೇಟಾಶೀಟಿನಲ್ಲಿದ್ದ ಹಾಗೇ. ನಾನು ಮೀಟರಿನ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಆಂಜಿನಪ್ಪನವರು ಬಾಗಿಲಲ್ಲಿ ಇಣುಕಿದರು. "ಏನ್ರಪ್ಪಾ ಅದು, ಒಳಗೆ ದೀಪ ಅಚ್ಚಿಟ್ಟವ್ರೆ? ಬಾಂಬಾ?"

"ರೇಡಿಯೋ ಥರ ಅಣ್ಣ. ಅವ್ವ ಮಾತಾಡಿದ್ದು ಅಂಕಲ್‌ಗೆ ಕೇಳ್ಸೋಕೆ."

"ಎಂಡ್ತಿ ಮಾತು ಕೇಳಕ್ಕೆ ಮಿಸಿನ್ ಕಟ್ಟವ್ನಾ? ಊರಾಗೆಲ್ಲ ಕೇಳ್ದಂಗೆ ಇರಕ್ಕೆ ಕಟ್ತರೆ!" ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಮಂಚದ ಮೇಲಿದ್ದ ಶಿವಗಂಗವ್ವನನ್ನು ನೋಡಿ ನಗು ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಾತಾಡುವುದನ್ನು ಭಾನುವಾರಕ್ಕೆ ಇಟ್ಟದ್ದೂ ನಾನೇ. ಭಾನುವಾರ ವೆಲ್ಡಿಂಗ್ ಶಾಪಿಗೆ ರಜೆ, ಪೀಣ್ಯಕ್ಕೆಲ್ಲ ರಜೆ, ಗಲಾಟೆ ಇರುವುದಿಲ್ಲ. ಆಕೆಯ ಪಿಸುದನಿಯ ಜೊತೆ ಮೈಕಿಗೆ ಗ್ರೈಂಡರಿನ ಸದ್ದು ಸೇರುವುದಿಲ್ಲ. ಎಲ್ಲ ಯೋಚಿಸಿದ್ದೆ.

ಬೆಳಗ್ಗೆ ಹತ್ತು ಗಂಟೆ. ಶಿವಗಂಗವ್ವ ತಲೆ ಬಾಚಿ, ಇಳಕಲ್ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದರು. ಎದುರಿಗೆ ಕುರ್ಚಿಯಲ್ಲಿ ಈಶಪ್ಪ, ಕಿವಿ ಮುಚ್ಚುವಂಥ ಹೆಡ್‌ಫೋನು. ಮೀಟರ್ ನೋಡಲು ನಾನು ಪಕ್ಕದಲ್ಲಿ ನೆಲದ ಮೇಲೆ. "ಮೀಟ್ರ ಅಷ್ಟ ನೋಡು, ಕಿವಿ ಮುಚ್ಚಿಕೊಂಡಿರು" ಎಂದು ಆಕೆ ನನಗೆ ಮೊದಲೇ ಹೇಳಿದರು. ಸ್ವಿಚ್ ಹಾಕಿದೆ. ಅರ್ಧ ನಿಮಿಷಕ್ಕೆ ವಾಲ್ವು ಕೆಂಡದ ಬಣ್ಣಕ್ಕೆ ಬಂತು.

ಆಕೆ ಮೈಕನ್ನು ಎರಡು ಕೈಯಲ್ಲಿ ಹಿಡಿದು ತುಟಿಯ ಹತ್ತಿರ ತಂದರು. ಆಮೇಲೆ ಹೇಳಿದರು: "ನಿಮ್ಮ ಖಾಕಿ ಅಂಗಿ ಗುಂಡಿ ಹೋಗೈತಿ. ಮೂರು ತಿಂಗಳಿಂದ ಬಡಕೊಳ್ಳಾಕತ್ತೀನಿ."

ಈಶಪ್ಪ ಬೆಚ್ಚಿಬಿದ್ದರು. ಎದೆ ಮುಟ್ಟಿಕೊಂಡು ಗುಂಡಿ ನೋಡಿಕೊಂಡರು. ಅವರ ಮುಖ ಮಗುವಿನ ಮುಖದ ಹಾಗಾಯಿತು. "ಕೇಳತೈತಿ!" ಎಂದು ಬಿಲ್ಡಿಂಗೇ ಅದುರುವಂತೆ ಕೂಗಿದರು. "ಏ, ನಿನ್ನ ದನಿನ ಇದು! ಇನ್ನೂ ಅನ್ನು!"

"ಸಾರಿಗೆ ಎರಡು ಸಲ ಉಪ್ಪು ಹಾಕತೀರಿ. ಹೇಳಿದ್ರ ಹೂಂ ಹೂಂ ಅಂತೀರಿ, ಮರುದಿನ ಮತ್ತ ಅದ ಸಮುದ್ರ."

ಅವರು ನಗುತ್ತಿದ್ದರು, ಆಕೆ ಬಯ್ಯುತ್ತಿದ್ದರು. ಏಳು ತಿಂಗಳ ಬೈಗುಳ ಬಾಕಿ ಇತ್ತು. ನನಗೂ ಖುಷಿಯಾಗಿ ಮೀಟರಿನ ಕಡೆ ತಿರುಗಿದೆ. ಮುಳ್ಳು ಒಂಬತ್ತರಲ್ಲಿತ್ತು. ನೋಡುತ್ತಿದ್ದ ಹಾಗೇ ಹತ್ತಾಯಿತು. ವಾಲ್ವಿನ ಒಳಗಿನ ಬೂದು ತಗಡಿನ ಮೇಲೆ, ಕಾದ ಹೆಂಚಿನ ಮೇಲೆ ಮೂಡುವಂಥ ಒಂದು ಕೆಂಪು ಮಚ್ಚೆ ಕಂಡಿತು.

ಸ್ವಿಚ್ಚಿಗೆ ಕೈ ಚಾಚಿದೆ. ಈಶಪ್ಪ ನನ್ನ ಮುಂಗೈ ಹಿಡಿದರು. ಅವರೂ ಕಂಡಿದ್ದರು. ಶಾಪಿನಲ್ಲಿ ವರ್ಷಗಟ್ಟಲೆ ತಂತಿಯ ಸುಟ್ಟ ವಾರ್ನಿಷ್ ಕುಡಿದ ಮೂಗಿಗೆ ನನಗಿಂತ ಮೊದಲೇ ಗೊತ್ತಾಗಿರಬೇಕು. ಆರಿಸಿದರೆ ವಾಲ್ವು ಉಳಿಯಬಹುದು, ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವರು ನನ್ನ ಕೈ ಬಿಡಲಿಲ್ಲ. ಕಣ್ಣು ಹೆಂಡತಿಯ ಮುಖದ ಮೇಲೇ ಇತ್ತು.

"ಬುಧವಾರದ ಮಾತು ಹೇಳಬೇಕ್ರಿ" ಎಂದರು ಆಕೆ.

ಗಾಜಿನೊಳಗೆ ನೀಲಿ ಬೆಳಕು ಮಿಂಚಿತು, ಟಕ್ ಎಂದಿತು. ಮುಳ್ಳು ಸೊನ್ನೆಗೆ ಬಿತ್ತು, ಹೆಡ್‌ಫೋನಿಗೆ ದನಿ ನಿಂತಿತು. ಕೆಂಡದ ಬಣ್ಣ ಮಾತ್ರ ಹಾಗೇ ಉಳಿದಿತ್ತು. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸಬೇಕು.

ಆಕೆ ಹೇಳುತ್ತಲೇ ಇದ್ದರು. ಒಂದು ಮೊಳ ದೂರದಲ್ಲಿದ್ದ ನನಗೆ ಎಲ್ಲ ಕೇಳಿಸಿತು.

"ಆಸ್ಪತ್ರ್ಯಾಗ ಬಾಜೂ ಮಂಚದಾಕಿಗೆ ಅದ ಆಪರೇಷನ್ ಆಗಿತ್ತು. ಕೊಳ್ಳಾಗಿನ ತೂತಿನ್ಯಾಗಿಂದ ಕೆಮ್ಮತಿದ್ಲು. ಆಕಿ ಗಂಡ ಮಾರಿ ಆ ಕಡೆ ಮಾಡಿ ಕುಂದರತಿದ್ದ. ನೀವು ಹಂಗ ಮಾಡೂದಿಲ್ಲ, ನನಗ ಗೊತ್ತೈತಿ. ಆದ್ರ ನಾನ ಮಾರಿ ಆ ಕಡೆ ಮಾಡತೀನಿ, ನಾನು ನನ್ನ ಬಲ್ಲೆ. ನನಗ ಬ್ಯಾಡ್ರಿ ಅದು. ಇದ್ದಷ್ಟು ದಿನ ಹಿಂಗ ಇರತೀನಿ. ಸಿಟ್ಟಾಗಬ್ಯಾಡ್ರಿ. ಹೂಂ ಅನ್ರಿ."

ಈಶಪ್ಪ ತಲೆಯಾಡಿಸಿದರು.

"ಖರೇನ?"

ಮತ್ತೆ ತಲೆಯಾಡಿಸಿದರು, ಈ ಸಲ ಇನ್ನೂ ಮೆಲ್ಲಗೆ. ನನ್ನ ಕೈ ಬಿಟ್ಟು, ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದರು, ಒಂದು ಮಾತೂ ಚೆಲ್ಲಬಾರದು ಅನ್ನುವ ಹಾಗೆ. ನಾನು ಕೂಗಬಹುದಿತ್ತು. 'ಅವ್ವಾ, ಅವರಿಗೆ ಕೇಳಿಲ್ಲ' ಎಂದು ಮೂರು ಪದ. ಆದರೆ ಅಷ್ಟು ದಿನದಿಂದ ಹೊತ್ತದ್ದನ್ನು ಇಳಿಸಿದವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಆಕೆ ಮೈಕನ್ನು ಮಡಿಲಲ್ಲಿ ಇಟ್ಟು, ಕಣ್ಣೊರೆಸಿಕೊಂಡು, ಗೋಡೆಗೆ ಒರಗಿದರು. ನಾನು ಕೆಂಪು ಬಂದರೆ ಬಲಗಡೆ ಡಬ್ಬಕ್ಕೆ ಹಾಕಬಲ್ಲೆ, ಅಷ್ಟೇ.

ಆಕೆ ಮಲಗಿದ ಮೇಲೆ ಈಶಪ್ಪ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. ಆ ಹೊತ್ತಿಗೆ ನಾನು ಗೋಡೆಯ ಪ್ಲಗ್ಗಿಗೆ ಮೀಟರ್ ಇಟ್ಟು ನೋಡಿದ್ದೆ. ಇನ್ನೂರ ನಲವತ್ತೊಂಬತ್ತು ವೋಲ್ಟ್. ಪೀಣ್ಯ ಮಲಗಿದ ದಿನ ಅದರ ಕರೆಂಟೆಲ್ಲ ನಮ್ಮ ಮನೆಗಳಿಗೆ ಹರಿದು ಬರುತ್ತದೆ ಎಂಬುದು ಈ ಏರಿಯಾದ ಅಜ್ಜಿಯರಿಗೂ ಗೊತ್ತು. ಭಾನುವಾರ ಫ್ಯಾನು ಜೋರಾಗಿ ತಿರುಗುವುದನ್ನು ನಾನೂ ನಾಲ್ಕು ವರ್ಷದಿಂದ ಹಾಸಿಗೆಯಲ್ಲಿ ಬಿದ್ದುಕೊಂಡು ನೋಡಿದ್ದೆ.

"ಕಡೀಕ ಏನಂದ್ಲು?" ಎಂದರು.

ಕೂಗಿ ಹೇಳಿದರೆ ಕಟ್ಟಡಕ್ಕೆಲ್ಲ ಕೇಳುತ್ತದೆ. ಅವರಿಗೆ ಓದಲು ಬರುತ್ತಿತ್ತು. ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಕೊಟ್ಟೆ, ಆಕೆ ಹೇಳಿದ ಹಾಗೇ. ಅವರು ತುದಿ ಇಲ್ಲದ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ನಿಧಾನಕ್ಕೆ ಓದಿದರು. ಮತ್ತೊಮ್ಮೆ ಓದಿದರು.

"ಇದಕ್ಕ ನಾ ಹೂಂ ಅಂತ ತಲಿ ಹಾಕಿದೆ?"

ನಾನು ಎರಡು ಬೆರಳು ತೋರಿಸಿದೆ.

ಅವರು ಮೆಟ್ಟಿಲ ಮೇಲೆ ಕೂತರು. ಕೆಳಗೆ ಆಂಜಿನಪ್ಪನವರು ಸ್ಕೂಟರ್ ತೊಳೆಯುತ್ತಿದ್ದರು. ನೀರಿನ ಸದ್ದು ಈಶಪ್ಪನವರಿಗೆ ಕೇಳಿಸುತ್ತಿರಲಿಲ್ಲ, ನನಗೆ ಬೇಡವಾಗಿತ್ತು.

"ಅಂಕಲ್, ತಪ್ಪು ನಂದು. ನೀವು ಇನ್ನೂರ ಇಪ್ಪತ್ತು ಅಂದ್ರಿ. ಈಗ್ಲೇ ಹೇಳ್ಬಿಡೋಣ, ಕೇಳಿಸ್ಲಿಲ್ಲ ಅಂತ." ಇದನ್ನೂ ಟೈಪ್ ಮಾಡಿಯೇ ತೋರಿಸಿದೆ.

"ಹೇಳಿ? ಆಕಿ ಮತ್ತ ಮೊದಲಿಂದ ಹೇಳಬೇಕು. ನಾ ಮತ್ತ ಆಂ ಆಂ ಅನ್ನಬೇಕು." ಫೋನು ವಾಪಸ್ ಕೊಟ್ಟು, "ಕೇಳಿಸಿದ್ರ ನಾ ಒಪ್ಪತಿದ್ದಿಲ್ಲ ತಮ್ಮಾ. ಜಗಳಾ ತಗೀತಿದ್ದೆ. ಎತಗೊಂಡು ಹೋಗಿ ಅಡ್ಮಿಟ್ ಮಾಡತಿದ್ದೆ" ಎಂದರು.

ಬುಧವಾರ ಆಸ್ಪತ್ರೆಯಿಂದ ಫೋನು ಬಂತು. ಈಶಪ್ಪ ಅದನ್ನು ನನ್ನ ಕೈಗೆ ಕೊಟ್ಟರು.

"ಪೇಷೆಂಟ್ ಇನ್ನೂ ಬಂದಿಲ್ವಲ್ಲ?"

"ಬರಲ್ಲ ಮೇಡಂ. ಆಪರೇಷನ್ ಬೇಡ ಅಂತೆ."

"ಬೇಡ ಅಂದ್ರೆ? ಯಾರು ಡಿಸೈಡ್ ಮಾಡಿದ್ದು?"

ನೂರ ಮೂವತ್ತು ಓಮ್ ಅನ್ನಬೇಕಿತ್ತು. "ಮನೆಯವರು" ಎಂದೆ.

ಹೊಸ ವಾಲ್ವಿಗಾಗಿ ಮೂರು ವಾರ ಅಲೆದೆ. ಕೊನೆಗೆ ಮಹದೇವಪುರದಲ್ಲಿ ವಿಶ್ವನಾಥ್ ಎಂಬ ರಿಟೈರ್ಡ್ ಮನುಷ್ಯರು, ಹಳೇ ರೇಡಿಯೋ ಕೂಡಿಡುವವರು, ಸಿಕ್ಕರು. ನನ್ನ ಕಥೆ ಕೇಳಿ, ಡಬ್ಬಿ ಬಿಚ್ಚುವುದಕ್ಕೆ ಮುಂಚೆ ಒಂದೇ ಒಂದು ಕೇಳಿದರು: "ಭಾನುವಾರ ಅಳೆದು ನೋಡ್ಲಿಲ್ವೇನ್ರೀ?" ಆಮೇಲೆ ವಾಲ್ವನ್ನು ಹತ್ತಿಯಲ್ಲಿ ಸುತ್ತಿ ಸುಮ್ಮನೆ ಕೊಟ್ಟುಬಿಟ್ಟರು. ಬಯ್ದಿದ್ದರೆ ವಾಸಿ ಇತ್ತು.

ಈ ಸಲ ಈಶಪ್ಪ ನನ್ನನ್ನು ಮೀಟರ್ ಹಿಡಿಯಲಷ್ಟೇ ಬಿಟ್ಟರು. ಹೆಚ್ಚಿನ ಸುತ್ತು ಬಿಚ್ಚಿದರು, ಇನ್ನೂರ ಇಪ್ಪತ್ತು ಬೆಸೆದರು, ಒಂದು ಭಾನುವಾರ ಪೂರ್ತಿ ಉರಿಸಿ ಇಟ್ಟರು. ವಾಲ್ವಿನ ತಗಡು ಕೆಂಪಗಾಗಲಿಲ್ಲ. ಮಾರನೇ ದಿನ ಹೆಡ್‌ಫೋನು ಹಾಕಿಕೊಂಡು ಅವರು ಮೊದಲು ಕೇಳಿದ್ದು, "ಅವತ್ತು ಹೇಳಿದ್ದು ಇನ್ನೊಮ್ಮೆ ಹೇಳು."

ಆಕೆ ಹುಬ್ಬು ಗಂಟಿಕ್ಕಿದರು. "ಒಂದ ಸಲ ಹೂಂ ಅಂದೀರಿ. ಮತ್ತ್ಯಾಕ? ಆಸ್ಪತ್ರಿಗೆ ಕಳಸಾಕ ನೋಡಾಕತ್ತೀರೇನು?"

"ಇಲ್ಲಬಿಡು," ಎಂದರು ಈಶಪ್ಪ. ಆ ವಿಷಯ ಮತ್ತೆ ಆ ರೂಮಿನಲ್ಲಿ ಬರಲಿಲ್ಲ.

ಅಲ್ಲಿಂದ ಎರಡು ತಿಂಗಳು ಅವರಿಬ್ಬರೂ ಮಾತಾಡಿದರು. ಬೆಳಗ್ಗೆ ಹತ್ತಕ್ಕೆ ಶುರು. ಏನು ಮಾತೋ ನನಗೆ ಗೊತ್ತಿಲ್ಲ. ಹೆಡ್‌ಫೋನು ಒಂದೇ ಇತ್ತು, ನನಗೆ ಈಶಪ್ಪನ ಕೂಗು ಮಾತ್ರ ಕೇಳುತ್ತಿತ್ತು. "ಹೌದ?" "ಆತಾತು ಬಿಡು." "ನಿಮ್ಮಪ್ಪ ಏನ್ ಕಮ್ಮಿ ಇದ್ನೇನು?" ಬೇಕೆಂದರೆ ಅರ್ಧ ಸಂಸಾರವನ್ನು ಬಾಗಿಲಾಚೆಯಿಂದ ಊಹಿಸಿಕೊಳ್ಳಬಹುದಿತ್ತು. ಸೌಂಡಿನ ಗುಂಡಿಯನ್ನು ಮೊದಲು ಸ್ವಲ್ಪವೇ ತಿರುಗಿಸುತ್ತಿದ್ದರು. ಆಮೇಲೆ ಅರ್ಧಕ್ಕೆ ಬಂತು, ಮುಕ್ಕಾಲಾಯಿತು. ಒಂದು ದಿನ ಅದು ಕೊನೆ ಮುಟ್ಟಿ, ಇನ್ನು ತಿರುಗಲಿಲ್ಲ.

ಆಕೆ ತೀರಿಕೊಳ್ಳುವ ಹನ್ನೊಂದು ದಿನ ಮುಂಚೆ ಈಶಪ್ಪ ನನ್ನ ಬಾಗಿಲು ಬಡಿದರು.

"ತಮ್ಮಾ, ಬಯಾಸ್ ಒಂದಿಷ್ಟು ನೋಡು ಬಾ. ದನಿ ಸಣ್ಣ ಆಗೈತಿ."

ಮೀಟರ್ ಇಟ್ಟೆ. ಹಾಕಿದ ದಿನ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಗೆರೆಯೂ ಕದಲಿರಲಿಲ್ಲ. ವಾಲ್ವು ಚೆನ್ನಾಗಿತ್ತು, ಮೈಕು ಚೆನ್ನಾಗಿತ್ತು. ಮಂಚದ ಮೇಲೆ ಶಿವಗಂಗವ್ವ ದಿಂಬಿಗೆ ಒರಗಿ, ಮೈಕನ್ನು ತುಟಿಗೆ ತಾಗಿಸಿಕೊಂಡು ಕಾಯುತ್ತಿದ್ದರು. ಇಬ್ಬರೂ ನನ್ನನ್ನು ನೋಡಿದರು.

ನಾನು ಸೋಲ್ಡರಿಂಗ್ ಕಡ್ಡಿ ಕಾಯಿಸಿದೆ. ಇನ್ನೂರ ಇಪ್ಪತ್ತನ್ನು ಕಿತ್ತೆ, ಕಾಲು ಒರೆಸಿ ಅದನ್ನೇ ವಾಪಸ್ ಬೆಸೆದೆ. ಕೆಲಸ ದೊಡ್ಡದೆನ್ನಿಸಲು ಮೀಟರನ್ನು ಅಲ್ಲಿ ಇಲ್ಲಿ ಮುಟ್ಟಿಸಿದೆ. "ಈಗ ನೋಡಿ ಅಂಕಲ್" ಎಂದೆ.

ಈಶಪ್ಪ ಹೆಡ್‌ಫೋನು ಹಾಕಿಕೊಂಡರು. ಶಿವಗಂಗವ್ವನ ತುಟಿ ಆಡಿತು. ಪಕ್ಕದಲ್ಲೇ ಇದ್ದ ನನಗೆ ಉಸಿರು ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಹಾಂ, ಈಗ ಚಲೋ ಆತು," ಎಂದರು ನನ್ನ ಕಡೆ ನೋಡದೆ. ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡು ಮುಂದಕ್ಕೆ ಬಾಗಿದರು. "ಏನಂದಿ? ಇನ್ನೊಮ್ಮೆ ಅನ್ನು."